ಋಣದ ಕಾಗದ

ನ್ಯಾಯವಾಗಿ ನಮಗೆ ಸಲ್ಲಬೇಕಾದ್ದನ್ನು ಒಬ್ಬ ತನ್ನ ಕೈಯಾರೆ ಎತ್ತಿಕೊಟ್ಟರೆ ನಾವು ಅವನಿಗೆ ಋಣಿಗಳಾಗಬೇಕೆ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ. ರಾಜಕಾರಣಿಯೊಬ್ಬರ ಕಚೇರಿಯ ಹೊರಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಎರಡು ತಿಂಗಳು ಕಂಡವರ ಅರ್ಜಿಗಳನ್ನು ಬರೆದಾಗ ಬಂದದ್ದು.

ನಾವು ಅಂದರೆ ಯಾರೆಂದು ಮೊದಲೇ ಹೇಳಿಬಿಡುತ್ತೇವೆ. ಹಾಸನದಲ್ಲಿ ಒಂದೇ ತರಗತಿಯಲ್ಲಿ ಓದಿದ ಮೂವರು. ಒಬ್ಬ ಅರಕಲಗೂಡಿನ ಕಡೆಯವನು. ಅವನಪ್ಪ ಪರರ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಒಟ್ಟುವವನು. ಒಬ್ಬಳು ಚನ್ನರಾಯಪಟ್ಟಣದ ಕಡೆಯವಳು. ಅವಳವ್ವ ಪರರ ತೋಟದಲ್ಲಿ ತೆಂಗಿನಕಾಯಿ ಹೊರುವವಳು. ಇನ್ನೊಬ್ಬ ಹೊಳೆನರಸೀಪುರದ ಕಡೆಯವನು, ಅವನಿಗೆ ಅಪ್ಪನಿಲ್ಲ. ಮೂವರ ಮನೆಯಲ್ಲೂ ಪದವಿ ಎಂಬುದನ್ನು ಕಂಡ ಮೊದಲ ತಲೆ ನಾವೇ. ಇಲ್ಲಿ ಬರೆಯುತ್ತಿರುವ ಕೈ ಒಂದು, ಮಾತು ಮೂವರದು.

ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಮಾಡಬೇಕಿತ್ತು. ಉಳ್ಳವರ ಮಕ್ಕಳು ಬೆಂಗಳೂರಿನ ಕಂಪನಿಗಳಿಗೆ ಹೋದರು. ಅಲ್ಲಿ ರೂಮಿನ ಬಾಡಿಗೆಗೆ ನಮ್ಮಲ್ಲಿ ದುಡ್ಡೆಲ್ಲಿ? ಮೇಷ್ಟ್ರೊಬ್ಬರು, "ರಾಜ್ಯಶಾಸ್ತ್ರ ಓದಿದ್ದೀರಲ್ಲ, ರಾಜ್ಯ ಹೆಂಗ್ ನಡೀತದೆ ನೋಡ್ಕೊಂಡ್ ಬನ್ನಿ" ಎಂದು ಜಿಲ್ಲೆಯ ಒಬ್ಬ ಜನಪ್ರತಿನಿಧಿಯ ಕಚೇರಿಗೆ ಕಳಿಸಿದರು. ಅವರು ಶಾಸಕರೋ, ಸಂಸದರೋ, ಪರಿಷತ್ತಿನವರೋ, ಯಾವ ಪಕ್ಷವೋ ಇಲ್ಲಿ ಬರೆಯುವುದಿಲ್ಲ. ಒಬ್ಬರ ಹೆಸರು ಬರೆದರೆ ಉಳಿದವರೆಲ್ಲ ಇದು ತಮ್ಮ ಮಾತಲ್ಲವೆಂದು ಕಾಲು ಚಾಚಿ ಮಲಗುತ್ತಾರೆ.

ಬೆಳಿಗ್ಗೆ ಏಳಕ್ಕೇ ಜನ ಸೇರುತ್ತಿದ್ದರು. ಮೊದಲ ಬಸ್ಸಿಗೆ ಬಂದವರು, ಹೊಳೆನರಸೀಪುರದಿಂದ ರೈಲಿಗೆ ಬಂದಿಳಿದವರು, ಟವಲ್ಲಿನ ತುದಿಗೆ ಕಾಗದ ಗಂಟು ಹಾಕಿಕೊಂಡವರು. ಪಿಂಚಣಿ ನಿಂತುಹೋದವರು, ಮಗಳಿಗೆ ಹಾಸ್ಟೆಲ್ ಸೀಟು ಬೇಕಾದವರು, ಜಾತಿ ಪತ್ರ ಸಿಗದವರು. ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರಲ್ಲಿ ಊರು ಮುಳುಗಿಸಿಕೊಂಡವರ ಮೊಮ್ಮಕ್ಕಳು, ತಾತನ ಕಾಲದ ಕಾಗದವನ್ನೇ ಹಿಡಕೊಂಡು ಬರುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಬಗರ್ ಹುಕುಂ ಜನ. ಸರ್ಕಾರಿ ಜಮೀನನ್ನು ಉತ್ತು ಬಿತ್ತು ತಲೆ ನೆರೆಸಿಕೊಂಡವರು. 1991ರ ಹೊತ್ತಿಗೆ ನಮೂನೆ 50 ಕೊಟ್ಟವರಿದ್ದರು, 1999ರ ಹೊತ್ತಿಗೆ ನಮೂನೆ 53 ಕೊಟ್ಟವರಿದ್ದರು, 2018ರಲ್ಲಿ ನಮೂನೆ 57 ಬಂದಾಗ ಮತ್ತೆ ಕೊಟ್ಟವರಿದ್ದರು. ಈ ಅರ್ಜಿಗಳನ್ನು ನೋಡುವ ಸಮಿತಿಗೆ ತಹಶೀಲ್ದಾರರು ಕಾರ್ಯದರ್ಶಿ, ಕ್ಷೇತ್ರದ ಶಾಸಕರು ಅಧ್ಯಕ್ಷರಾಗುವುದು ನಡೆದುಬಂದ ರೂಢಿ. ಉತ್ತವನಿಗೆ ಭೂಮಿ ಎಂಬುದು 1974ರ ಭೂಸುಧಾರಣೆಯ ಕಾಲದಿಂದ ಕೇಳಿಬಂದ ಮಾತು. ಆದರೆ ಉತ್ತವನು ಅದನ್ನು ಪಡೆಯಬೇಕಾದ್ದು ಓಟು ಕೇಳುವವನ ಕೈಯಿಂದ. ಕಾನೂನೇ ಹಕ್ಕಿಗೆ ಒಬ್ಬ ದಾತನನ್ನು ನೇಮಿಸಿಕೊಟ್ಟಂತಾಯಿತು.

ನಮ್ಮ ಕೆಲಸ ಶಿಫಾರಸು ಪತ್ರ ಬರೆಯುವುದು. ಅದಕ್ಕೊಂದು ಸಿದ್ಧ ಒಕ್ಕಣೆಯಿತ್ತು. "ಸದರಿಯವರು ನನಗೆ ಪರಿಚಿತರಾಗಿದ್ದು ತೀರಾ ಬಡವರಾಗಿರುತ್ತಾರೆ. ಇವರ ಕೋರಿಕೆಯನ್ನು ನಿಯಮಾನುಸಾರ ಪರಿಶೀಲಿಸಿ ಸಹಾನುಭೂತಿಯಿಂದ ಕ್ರಮ ಕೈಗೊಳ್ಳುವುದು." ದಿನಕ್ಕೆ ಮೂವತ್ತು ನಲವತ್ತು ಸಲ ಇದನ್ನೇ ಬರೆದೆವು. ಬರೆದೂ ಬರೆದೂ ಈ ಎರಡು ಸಾಲಿನೊಳಗಿನ ಸುಳ್ಳು ನಮಗೆ ಕಾಣತೊಡಗಿತು. ಪರಿಚಿತರು ಎಂಬುದು ಸುಳ್ಳು. ಸಹಿ ಹಾಕುವವರು ಆ ಮುಖವನ್ನು ತಲೆಯೆತ್ತಿಯೂ ನೋಡಿರುವುದಿಲ್ಲ. ಅದಕ್ಕಿಂತ ದೊಡ್ಡದು ಎರಡನೆಯ ಸಾಲಿನದು. ನಿಯಮವಿದ್ದರೆ ಸಹಾನುಭೂತಿ ಯಾಕೆ? ಸಹಾನುಭೂತಿಯೇ ಬೇಕಾದರೆ ನಿಯಮ ಎಲ್ಲಿ ಸತ್ತಿತು? ಒಂದೇ ವಾಕ್ಯದಲ್ಲಿ ಸಂವಿಧಾನವೂ ಪಾಳೇಗಾರಿಕೆಯೂ ಪಕ್ಕಪಕ್ಕ ಕೂತು ಬೀಡಿ ಸೇದುತ್ತಿವೆ.

ಒಂದು ದಿನ ಮುದುಕಿಯೊಬ್ಬಳು ಬಂದಳು. ನಮ್ಮವಳೇ. ಸಂಧ್ಯಾ ಸುರಕ್ಷೆಯ 1200 ರೂಪಾಯಿ ಬೇಕು. ವಯಸ್ಸಿದೆ, ಕಾಗದಗಳೆಲ್ಲ ಸರಿಯಾಗಿವೆ. ನಮಗೆ ಅಂದು ಓದಿನ ಸೊಕ್ಕು. "ಅವ್ವಾ, ಇದಕ್ಕೆ ಯಾರ ಕಾಗದವೂ ಬೇಡ. ಇದು ನಿನ್ನ ಹಕ್ಕು. ಸಕಾಲ ಅಂತ 2011ರ ಕಾಯ್ದೆ ಐತೆ, ಇಂತಿಷ್ಟು ದಿನದಲ್ಲಿ ಮಾಡಿಕೊಡಲೇಬೇಕು. ನಾಡಕಚೇರಿಗೆ ಹೋಗಿ ಕೊಡು, ರಶೀದಿ ಕೇಳು" ಎಂದು ತಿಳಿಹೇಳಿ ಕಳಿಸಿದೆವು. ಅವಳು ನಮ್ಮ ಮುಖವನ್ನೇ ನೋಡುತ್ತ ಹೋದಳು. ನಾವು ಅಂದು ಮಧ್ಯಾಹ್ನ ಹೆಮ್ಮೆಯಿಂದ ಟೀ ಕುಡಿದೆವು.

ಒಂದು ತಿಂಗಳಿಗೆ ಮತ್ತೆ ಬಂದಳು. "ನಿನ್ನ ಅಕ್ಕು ತಗಂಡು ಮೂರ್ ಸಲ ಓದೆ ಕನಪ್ಪ. ಸರ್ವರ್ ಇಲ್ಲ ಅಂದ್ರು, ಸಾಯೇಬ್ರಿಲ್ಲ ಅಂದ್ರು, ಆಮ್ಯಾಕೆ ನೀನ್ಯಾರು ಅಂದ್ರು. ಮೂರ್ ದಿನದ ಕೂಲಿ ಓಯ್ತು. ಈಗ ಆ ಕಾಗದ ಬರ್ಕೊಡು."

ಬರೆದುಕೊಟ್ಟೆವು. ಸಹಿಯಾಯಿತು, ಒಂದು ಫೋನೂ ಹೋಯಿತು. ಕೆಲಸ ವಾರದಲ್ಲಿ ಆಯಿತು. ಆದದ್ದನ್ನು ಹೇಳಲೆಂದೇ ಅವಳು ಮತ್ತೆ ಬಸ್ಸಿನಲ್ಲಿ ಬಂದು, ಮೊದಲು ಒಳಕೋಣೆಯ ಬಾಗಿಲಿಗೆ ಕೈ ಮುಗಿದು, ಆಮೇಲೆ ನಮಗೂ ಮುಗಿದಳು. ನಮ್ಮಜ್ಜಿಯ ವಯಸ್ಸಿನವಳು. ನಮ್ಮ ಅಜ್ಜಿ ಗೌಡರ ಜಗಲಿಯ ಕೆಳಗೆ ನಿಂತು ಮುಗಿಯುತ್ತಿದ್ದದ್ದು ಇದೇ ಕೈ. ಅಂದು ಆ ಕೈಗೆ ಎದುರಾಗಿ ಮೇಲೆ ಕೂತವರು ನಾವು. ಗೆಳೆಯರೇ, ಆ ರಾತ್ರಿ ಊಟ ಸೇರಲಿಲ್ಲ ಎಂದರೆ ನಾಟಕದ ಮಾತಾಗುತ್ತದೆ. ಊಟ ಸೇರಿತು. ಅದೇ ನಮ್ಮನ್ನು ಹೆದರಿಸಿದ್ದು. ಕೈ ಮುಗಿಸಿಕೊಳ್ಳುವುದು ಹಿತವಾಗಿತ್ತು.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಈ ಜಿಲ್ಲೆಯಲ್ಲಿ ರಾಜಕಾರಣಿಯ ಬಾಗಿಲು ಸುಮ್ಮನೆ ದೊಡ್ಡದಾದದ್ದಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತನ ಮಗ ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಗೆದ್ದು 1996ರಲ್ಲಿ ದೇಶದ ಪ್ರಧಾನಿಯಾದರು. ಅಂಥ ಕಡೆ ಜನ ನಾಯಕರನ್ನು ಮನೆಯ ಹಿರಿಯರ ಹಾಗೆ ಕಂಡರೆ ಅಚ್ಚರಿಯೇನಿಲ್ಲ. ಅದಕ್ಕೂ ಹಿಂದೆ ಊರಿನ ಕಾಗದವೆಲ್ಲ ವಂಶಪಾರಂಪರ್ಯದ ಪಟೇಲ ಶಾನುಭೋಗರ ಪೆಟ್ಟಿಗೆಯಲ್ಲಿತ್ತು. ಆ ಹುದ್ದೆಗಳು 1961ರ ಕಾಯ್ದೆಯಿಂದ ಹೋದವು. ಶಾನುಭೋಗರ ಜಗಲಿಯನ್ನು ಮುಟ್ಟಲಾಗದಿದ್ದ ನಮ್ಮವರು ಇವತ್ತು ಓಟಿನ ದೆಸೆಯಿಂದ ರಾಜಕಾರಣಿಯ ಎದುರು ಕುರ್ಚಿಯ ಮೇಲೆ ಕೂರುತ್ತಾರೆ. ಇದು ಸಣ್ಣದಲ್ಲ. ಆದರೆ ಜಗಲಿ ಹೋಗಿ ಕುರ್ಚಿ ಬಂದರೂ ಕೈ ಮುಗಿಯುವುದು ಹೋಗಲಿಲ್ಲವಲ್ಲ, ಅದು ಯಾಕೆ ಎಂಬುದೇ ನಮ್ಮ ಪ್ರಶ್ನೆ.

ಋಣಕ್ಕೆ ಒಂದು ಲೆಕ್ಕವಿದೆ. ಕಷ್ಟಕಾಲದಲ್ಲಿ ನೆರೆಯವಳು ತನ್ನ ಮಡಕೆಯ ರಾಗಿ ಹಿಟ್ಟನ್ನು ಹಂಚಿಕೊಟ್ಟರೆ ಅದು ಋಣ. ತನ್ನದನ್ನು ಕೊಟ್ಟಳು, ಕೊಡದೆಯೂ ಇರಬಹುದಿತ್ತು. ಈ ಎರಡೂ ಇದ್ದರೆ ಮಾತ್ರ ಋಣ ಹುಟ್ಟುತ್ತದೆ. ಮುದುಕಿಯ 1200 ರೂಪಾಯಿ ಯಾರ ಮನೆಯದು? ಅವಳು ಕೊಳ್ಳುವ ಬೆಂಕಿಪೊಟ್ಟಣಕ್ಕೂ ತೆರಿಗೆಯಿದೆ. ಕೊಡದೆ ಇರುವ ಸ್ವಾತಂತ್ರ್ಯ ಯಾರಿಗಿತ್ತು? ಯಾರಿಗೂ ಇಲ್ಲ. ಹಾಗಾದರೆ ಇಲ್ಲಿ ಋಣ ಹುಟ್ಟಿದ್ದು ಹೇಗೆ? ನಾಡಕಚೇರಿಯ ಬಾಗಿಲು ಮುಚ್ಚಿದ್ದರಿಂದ ಹುಟ್ಟಿತು. ಆ ಬಾಗಿಲು ತೆರೆದಿದ್ದರೆ ಈ ಬಾಗಿಲಿಗೆ ಕೆಲಸವಿಲ್ಲ. ಅಲ್ಲಿ ಹಕ್ಕು ಸತ್ತಷ್ಟೂ ಇಲ್ಲಿ ಉಪಕಾರ ಬೆಳೆಯುತ್ತದೆ. ಬಸ್ ನಿಲ್ದಾಣದ ತಗಡಿನ ಮೇಲೆ 'ಶಾಸಕರ ಅನುದಾನ' ಎಂದು ದಪ್ಪಕ್ಷರದಲ್ಲಿ ಬರೆಸುತ್ತಾರಲ್ಲ, ಅಲ್ಲಿ ನೆರಳಿಗೆ ನಿಂತ ಕೂಲಿಯವಳ ದುಡ್ಡೂ ಇದೆ. ಅವಳ ಹೆಸರು ಯಾವ ತಗಡಿನ ಮೇಲೂ ಇಲ್ಲ.

ಇಂಥ ಸುಳ್ಳು ಋಣವನ್ನು ವಸೂಲಿ ಮಾಡುವ ದಿನವೂ ಬರುತ್ತದೆ. ನಮ್ಮ ಎರಡು ತಿಂಗಳು ಮುಗಿಯುವ ಹೊತ್ತಿಗೆ ಹಾಸನದಲ್ಲಿ ಒಂದು ಸಮಾವೇಶವಿತ್ತು. ಕಚೇರಿಯವರು ನಮ್ಮ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಕಡೆ ಜನ ನಿಮ್ಮ ಮಾತು ಕೇಳ್ತಾರೆ. ನಾವು ಇಷ್ಟು ಮಾಡಿಲ್ವಾ? ಒಂದೆರಡು ಬಸ್ ತುಂಬ್ಸಿ" ಎಂದರು. ಸರ್ಟಿಫಿಕೇಟಿಗೆ ಇನ್ನೂ ಸಹಿಯಾಗಿರಲಿಲ್ಲ. ಮುಂದೆ ಕೆಲಸಕ್ಕೆ ಒಂದು ಮಾತು ಹೇಳುತ್ತೇವೆ ಎಂದೂ ಅಂದಿದ್ದರು.

ನಾವು ಹೋದೆವು. ಕೇರಿ ಕೇರಿ ತಿರುಗಿದೆವು. ಈ ಲೇಖನ ಬರೆಯುತ್ತಿರುವ ಕೈಯೇ ಹೆಸರುಗಳ ಪಟ್ಟಿ ಬರೆಯಿತು. ಕವಿತೆಯಲ್ಲಿ ಸರಪಳಿ ಕಡಿಯಿರಿ ಎಂದು ಬರೆದವರು ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದೆವು. ಮುದುಕಿಯ ಮನೆಗೂ ಹೋದೆವು. ಎಲ್ಲಿಗೆ, ಯಾಕೆ ಎಂದು ಕೇಳಲೇ ಇಲ್ಲ. "ನಿನ್ನ ಋಣ ಐತಲ್ಲಪ್ಪ" ಎಂದು ಸೀರೆ ಬದಲಾಯಿಸಿ ಬಂದಳು. ಮಧ್ಯಾಹ್ನ ಮೂರರವರೆಗೆ ಬಿಸಿಲಲ್ಲಿ, ತಲೆಗೊಂದು ಕಾಗದದ ಟೋಪಿ ಹಾಕಿಕೊಂಡು ಕೂತಿದ್ದಳು. ವೇದಿಕೆಯ ಮೇಲಿನವರು ಅವಳ ಉದ್ಧಾರದ ಬಗ್ಗೆ ಮಾತಾಡುತ್ತಿದ್ದರು. ಅವಳಿಗೆ ಕುಡಿಯಲು ನೀರು ಸಿಕ್ಕಿರಲಿಲ್ಲ.

1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಆಡಿದ ಮಾತನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ದೇಶಕ್ಕೆ ಜೀವ ತೇಯ್ದ ದೊಡ್ಡವರಿಗೆ ಕೃತಜ್ಞರಾಗಿರುವುದರಲ್ಲಿ ತಪ್ಪಿಲ್ಲ, ಆದರೆ ಕೃತಜ್ಞತೆಗೂ ಒಂದು ಎಲ್ಲೆಯುಂಟು ಎಂದಿದ್ದರು. ಮಾನವನ್ನು, ಸ್ವಾತಂತ್ರ್ಯವನ್ನು ತೆತ್ತು ಯಾರೂ ಕೃತಜ್ಞರಾಗಲಾರರು ಎಂಬ ಐರ್ಲೆಂಡಿನ ಓಕಾನೆಲನ ಮಾತನ್ನು ನೆನಪಿಸಿದ್ದರು. ರಾಜಕೀಯದಲ್ಲಿ ಭಕ್ತಿ ಬೆಳೆದರೆ ಅದು ಸರ್ವಾಧಿಕಾರದಲ್ಲಿ ಕೊನೆಯಾಗುತ್ತದೆಂದು ಎಚ್ಚರಿಸಿದ್ದರು. ಪರೀಕ್ಷೆಯಲ್ಲಿ ಇದಕ್ಕೆ ಹತ್ತಕ್ಕೆ ಎಂಟು ಬಂದಿತ್ತು. ಅದರ ಅರ್ಥ ತಿಳಿದದ್ದು ಆ ಮೈದಾನದಲ್ಲಿ.

ಮಾನ ತೆರುವುದು ಎಂದರೆ ಬರೀ ಬಿಸಿಲಲ್ಲಿ ಕೂರುವುದಲ್ಲ. ನಾವು ಕೂತಿದ್ದ ಕಚೇರಿಗೆ ಸಂಬಂಧಿಸದ, ಇಡೀ ನಾಡು ಬಲ್ಲ ಒಂದು ಸಂಗತಿಯಿದೆ. 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ, ಮನೆಗೆಲಸದ ಹೆಂಗಸಿನ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣನನ್ನು ಅಪರಾಧಿಯೆಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ವಿಧಿಸಿತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮ ಹೆಂಗಸರಿಗೆ ತಲೆತಲಾಂತರದಿಂದ ಕಲಿಸಲಾಗಿದೆ. ಉಪ್ಪಿನ ಋಣದ ಹೆಸರಲ್ಲಿ ಎಷ್ಟು ಬಾಯಿ ಮುಚ್ಚಿಹೋಗಿವೆಯೋ. ಅವಳು ಬಾಯಿ ತೆರೆದಳು. ದುಡಿದು ತಿಂದ ಅನ್ನಕ್ಕೆ ಯಾವ ಋಣವೂ ಇಲ್ಲವೆಂದು ಸಾಕ್ಷಿ ಹೇಳಿದಳು. ಋಣದ ಬಗ್ಗೆ ನಾವು ಇಲ್ಲಿ ಬರೆಯುವ ಎಲ್ಲ ಮಾತಿಗಿಂತ ಆ ಸಾಕ್ಷಿ ದೊಡ್ಡದು.

ಹಾಗಾದರೆ ನಾವು ಆ ಕಾಗದ ಬರೆಯಬಾರದಿತ್ತೆ? ಗೆಳೆಯರಲ್ಲಿ ಕೆಲವರು ಹಾಗೆಯೇ ಹೇಳುತ್ತಾರೆ. ವ್ಯವಸ್ಥೆಯ ಕೈಯಾಗಬೇಡಿ, ಎದ್ದು ಬನ್ನಿ ಎನ್ನುತ್ತಾರೆ. ನಮ್ಮ ಕೈ ಶುದ್ಧವಾಗಿರುತ್ತದೆ, ನಿಜ. ಆದರೆ ಆ ಶುದ್ಧಿಯ ಬೆಲೆ ಕೊಡುವವಳು ಮುದುಕಿ, ತಿಂಗಳು ತಿಂಗಳು 1200ರಂತೆ. ಪರರ ಹಸಿವಿನಲ್ಲಿ ಕಾಯ್ದುಕೊಂಡ ಮಡಿ ನಮಗೆ ಗೊತ್ತಿರುವ ಹಳೆಯ ಮಡಿಯೇ. ಇನ್ನು ಕೆಲವರು, ಬಡವರ ಕೆಲಸ ಆಯ್ತಲ್ಲ, ಸಾಕು ಬಿಡಿ ಎನ್ನುತ್ತಾರೆ. ಅವರು ಆ ಟೋಪಿಯನ್ನು ನೋಡಿಲ್ಲ.

ನಮ್ಮ ತಪ್ಪು ಕಾಗದ ಬರೆದದ್ದಲ್ಲ. ಅವಳು ಕೈ ಮುಗಿದಾಗ ಸುಮ್ಮನಿದ್ದದ್ದು ತಪ್ಪು. ಅವಳು ಮೂರು ಸಲ ಒಬ್ಬಳೇ ಹೋದಾಗ ನಾವು ಕೂತಲ್ಲೇ ಕೂತದ್ದು ತಪ್ಪು. ಹಕ್ಕು ಎಂಬ ಪದವನ್ನು ಕೊಟ್ಟೆವು, ಬಸ್ ಚಾರ್ಜನ್ನೂ ಜೊತೆಯನ್ನೂ ಕೊಡಲಿಲ್ಲ. ಒಂಟಿ ಮುದುಕಿಯ ಕೈಯಲ್ಲಿ ಹಕ್ಕು ಎಂಬುದು ಬರೀ ಅರ್ಜಿ. ಹತ್ತು ಜನ ಒಟ್ಟಿಗೆ ಹಿಡಿದಾಗಲೇ ಅದು ಹಕ್ಕಾಗುತ್ತದೆ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಬಸವೇಶ್ವರನ ಗುಡಿಯೊಳಕ್ಕೆ ಕಾಲಿಟ್ಟ ನಮ್ಮ ಹೆಂಗಸರು ಯಾರ ಶಿಫಾರಸು ಪತ್ರವನ್ನೂ ಒಯ್ದಿರಲಿಲ್ಲ. ಅವರಿಗೆ ದಂಡ ಹಾಕಿದರು. ಆ ದಂಡವೇ ನಾಡಿಗೆಲ್ಲ ಸುದ್ದಿಯಾಗಿ ಅಧಿಕಾರಿಗಳನ್ನು ಊರಿಗೆ ಎಳೆತಂದಿತು. ಆ ಹೆಂಗಸರು ಯಾರಿಗೂ ಋಣಿಗಳಲ್ಲ. ಅವರಿಗೆ ನಾವು ಋಣಿಗಳು. ತಮ್ಮದನ್ನು ಪಣಕ್ಕಿಟ್ಟು ಕೊಟ್ಟರು, ಕೊಡದೆಯೂ ಇರಬಹುದಿತ್ತು. ನಿಜವಾದ ಋಣ ಇಂಥದು.

ಈಗ ತಿಂಗಳಿಗೆರಡು ಸಲ, ರಜೆಯಿಲ್ಲದ ಶನಿವಾರಗಳಲ್ಲಿ, ನಾವು ಮೂವರೂ ಒಂದೊಂದು ನಾಡಕಚೇರಿಯ ಮುಂದೆ ಕೂರುತ್ತೇವೆ. ಅರ್ಜಿ ತುಂಬುತ್ತೇವೆ, ಜೊತೆಗೆ ಒಳಗೆ ಹೋಗುತ್ತೇವೆ, ರಶೀದಿ ಸಿಗುವವರೆಗೆ ಕದಲುವುದಿಲ್ಲ. ಎಲ್ಲವೂ ಆಗುತ್ತದೆಂದು ಹೇಳಲಾರೆವು. ಆಗದಿದ್ದಾಗ ಕೆಲವರು ಮತ್ತೆ ಆ ಕಚೇರಿಯ ಬಾಗಿಲಿಗೇ ಹೋಗುತ್ತಾರೆ. ಅವರನ್ನು ತಡೆಯುವ ಹಕ್ಕು ನಮಗಿಲ್ಲ.

ಮುದುಕಿಯೂ ಒಮ್ಮೆ ಬಂದಿದ್ದಳು, ಪಕ್ಕದ ಮನೆಯವಳನ್ನು ಕರಕೊಂಡು. ಅಂದು ಬಸ್ಸಿಗೆ ಹತ್ತಿಸಿದ್ದು ನಮ್ಮ ತಪ್ಪು ಎಂದು ಅವಳಿಗೆ ಹೇಳಿದೆವು. ಅವಳು, "ಅದ್ಯಾಕಪ್ಪ ಈಗ? ಇವಳ ಕಾಗದ ನೋಡು ಮೊದ್ಲು" ಎಂದಳು. ಹೋಗುವಾಗ ಅಭ್ಯಾಸಬಲದಿಂದ ಎರಡೂ ಕೈ ಮೇಲಕ್ಕೆ ಬಂದವು. ನಾವು ಅವನ್ನು ಹಿಡಿದು ಕೆಳಗಿಳಿಸಿದೆವು. ಅವಳಿಗೆ ಅದು ಸರಿ ಅನ್ನಿಸಲಿಲ್ಲ, ಸ್ವಲ್ಪ ಮುನಿಸಿಕೊಂಡೇ ಹೋದಳು.