ಸುಖದೊಳಗಿನ ತೂತು

ಹೇಮಾವತಿಯ ದಂಡೆಯ ಅಕ್ಕಿಹೆಬ್ಬಾಳಿನ ಸುತ್ತಿನ ಕಬ್ಬು-ಭತ್ತದ ಸೀಮೆಯಲ್ಲಿ, ಟೈರ್ ಗಾಡಿ ಬರುವ ತನಕ ಗದ್ದೆಯ ಬೆಳೆಯನ್ನು ಹೊತ್ತು ಸಾಗಿದ್ದು ಮರದ ಚಕ್ರ. ನಡುವೆ ಗುಂಬ, ಸುತ್ತ ಅರಗಳು, ಹೊರಗೆ ಕಾಸಿ ತೊಡಿಸಿದ ಕಬ್ಬಿಣದ ಪಟ್ಟಾ. ಈ ಗುಂಬದಲ್ಲಿ ಬಡಗಿ ಎರಡು ಬಗೆಯ ತೂತು ಕೊರೆಯುತ್ತಾನೆ. ನಟ್ಟನಡುವಿನದು ಅಚ್ಚು ಹಾಯುವ ದುಂಡು ತೂತು. ಮೈಸುತ್ತ ಇರುವವು ಅರಗಳ ತುದಿ ಕೂರುವ ಚೌಕ ತೂತುಗಳು. ಒಂದು ತಿರುಗಲು ಬಿಡಬೇಕು, ಇನ್ನೊಂದು ಅಲುಗಲು ಬಿಡಬಾರದು. ಕೆಲಸ ಬೇರೆಯಾದರೂ ಎರಡೂ ಹುಟ್ಟುವುದು ಮರವನ್ನು ತೆಗೆದು ಹಾಕುವುದರಿಂದಲೇ. ಸುಖ ಎಂದರೇನು ಎಂಬ ಹಳೆಯ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಹುಡುಕುವ ಉತ್ತರವೆಲ್ಲ ಏನನ್ನಾದರೂ ಕೂಡಿಸಿಕೊಳ್ಳುವ ಕಡೆಗಿರುತ್ತದೆ: ಹಣ, ಮನೆ, ಮಕ್ಕಳು, ಪುಣ್ಯ. ಈ ತೂತುಗಳು ಬೇರೆ ಉತ್ತರ ಹೇಳುತ್ತವೆ. ಸುಖ ಎಂಬುದು ತುಂಬಿಕೊಂಡ ಸರಕಲ್ಲ, ನೆಟ್ಟಗೆ ಕೊರೆದ ಜಾಗ ಎಂಬುದೇ ಇಲ್ಲಿನ ವಾದ.

ಮಾತಿನ ಸಾಕ್ಷಿಯನ್ನು ಮೊದಲು ನೋಡೋಣ. ಖಗ, ಖಗೋಳ ಎಂಬ ಮಾತುಗಳಲ್ಲಿ ‘ಖ’ ಎಂದರೆ ಆಕಾಶ ಎಂದು ನಮಗೆಲ್ಲ ಗೊತ್ತು. ಹಳೆಯ ಗಣಿತದಲ್ಲಿ ಅದೇ ಅಕ್ಷರ ಸೊನ್ನೆಗೂ ನಿಂತಿತು. ಆದರೆ ಋಗ್ವೇದದ ಕಾಲಕ್ಕೆ ಹೋದರೆ ಅದರ ಅರ್ಥ ತೀರಾ ನೆಲಮಟ್ಟದ್ದು: ತೂತು. ಎಂಟನೆಯ ಮಂಡಲದ ಅಪಾಲೆಯ ಸೂಕ್ತದಲ್ಲಿ ಇಂದ್ರನು ಆಕೆಯನ್ನು ರಥದ ತೂತಿನಲ್ಲಿ, ಬಂಡಿಯ ತೂತಿನಲ್ಲಿ, ನೊಗದ ತೂತಿನಲ್ಲಿ ಮೂರು ಸಲ ಶುದ್ಧಿಮಾಡಿ ಸೂರ್ಯನಂಥ ಮೈಬಣ್ಣ ಕೊಡುತ್ತಾನೆ; ಅಲ್ಲಿರುವ ಪದ ‘ಖ’ವೇ. ‘ಸುಖ’ ಎಂಬ ಪದವೂ ಋಗ್ವೇದದಲ್ಲಿ ಮತ್ತೆ ಮತ್ತೆ ಬರುವುದು ರಥಕ್ಕೆ ವಿಶೇಷಣವಾಗಿ: ಅಚ್ಚಿನ ತೂತು ಚೆನ್ನಾಗಿರುವ, ಆದ್ದರಿಂದ ಸಲೀಸಾಗಿ ಓಡುವ ರಥ. ಇದನ್ನು ಎಲ್ಲರೂ ಒಪ್ಪುವುದಿಲ್ಲ. 1899ರ ಮೋನಿಯರ್ ವಿಲಿಯಮ್ಸ್ ನಿಘಂಟು ಈ ವ್ಯುತ್ಪತ್ತಿಯನ್ನು ಕೊಟ್ಟು, ‘ಸುಸ್ಥ’ ಎಂಬುದರ ಪ್ರಾಕೃತ ರೂಪವೂ ಇರಬಹುದು ಎನ್ನುತ್ತದೆ. ಅದೂ ಅಲ್ಲದೆ, ಪದದ ಬೇರು ಹೇಗಿದ್ದರೂ ಅದರಿಂದ ತತ್ತ್ವ ಸಿದ್ಧವಾಗುವುದಿಲ್ಲ. ‘ಬಡಗಿ’ ಪದವನ್ನು ಬಿಡಿಸಿ ನೋಡಿದವನಿಗೆ ಉಳಿ ಹಿಡಿಯಲು ಬಂದೀತೆ?

ಹಾಗಾಗಿ ವ್ಯುತ್ಪತ್ತಿಯನ್ನು ಪಕ್ಕಕ್ಕಿಟ್ಟು ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯಕ್ಕೆ ಬರೋಣ. ಸತ್ಯಕಾಮ ಜಾಬಾಲನ ಶಿಷ್ಯ ಉಪಕೋಸಲ 12 ವರ್ಷ ಗುರುವಿನ ಅಗ್ನಿಗಳನ್ನು ಕಾಯುತ್ತಾನೆ. ಗುರು ಉಳಿದವರಿಗೆ ಬೀಳ್ಕೊಡುಗೆ ಕೊಟ್ಟು ಇವನನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ನೊಂದು ಉಣ್ಣದೆ ಕೂತ ಹುಡುಗನಿಗೆ ಅಗ್ನಿಗಳೇ ಮರುಗಿ ಉಪದೇಶಿಸುತ್ತವೆ: ಪ್ರಾಣ ಬ್ರಹ್ಮ, ‘ಕ’ ಬ್ರಹ್ಮ, ‘ಖ’ ಬ್ರಹ್ಮ. ಪ್ರಾಣದ ಮಾತು ತಿಳಿಯಿತು, ಉಳಿದೆರಡು ತಿಳಿಯಲಿಲ್ಲ ಎನ್ನುತ್ತಾನೆ ಅವನು. ‘ಕ’ ಎಂದರೆ ಸುಖ, ‘ಖ’ ಎಂದರೆ ಬಯಲು. ಯಾವುದು ಸುಖವೋ ಅದೇ ಬಯಲು, ಯಾವುದು ಬಯಲೋ ಅದೇ ಸುಖ ಎಂಬುದು ಅಗ್ನಿಗಳ ಉತ್ತರ. ಬ್ರಹ್ಮಸೂತ್ರದ ಮೊದಲ ಅಧ್ಯಾಯ ಈ ಪ್ರಸಂಗವನ್ನು ಎತ್ತಿಕೊಳ್ಳುತ್ತದೆ. ಅಲ್ಲಿ ಶಂಕರರು ಎರಡು ಪದಗಳೂ ಒಂದನ್ನೊಂದು ತಿದ್ದುತ್ತವೆ ಎನ್ನುತ್ತಾರೆ: ಬಯಲು ಸೇರಿದ್ದರಿಂದ ಸುಖ ಇಂದ್ರಿಯದ ಚಪಲವಾಗಿ ಉಳಿಯುವುದಿಲ್ಲ, ಸುಖ ಸೇರಿದ್ದರಿಂದ ಬಯಲು ಬರಿಯ ಆಕಾಶವಾಗಿ ಉಳಿಯುವುದಿಲ್ಲ. ಇದೇ ಸೀಮೆಯ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರೂ ಶ್ರೀಭಾಷ್ಯದಲ್ಲಿ ಇದನ್ನು ಮಿತಿಯಿಲ್ಲದ ಸುಖ ಎಂದೇ ಓದುತ್ತಾರೆ. ಸುಖ ಮತ್ತು ಬಯಲಿನ ನಂಟು ಪದಕೋಶದ ಆಕಸ್ಮಿಕವಲ್ಲ ಎನ್ನಲು ಇಷ್ಟು ಸಾಕು.

ಉಪನಿಷತ್ತಿನ ಬಯಲಿಗೆ ಎಲ್ಲೆಯಿಲ್ಲ, ಗುಂಬದ ತೂತಿಗೆ ನಾಲ್ಕು ಗೋಡೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬ್ರಹ್ಮಕ್ಕೆ ಗೋಡೆ ಬೇಡ, ಬದುಕಿಗೆ ಬೇಕು. ಮರದಲ್ಲಿ ಬರಿದು ಜಾಗ ಎರಡು ಬಗೆಯಲ್ಲಿ ಬರುತ್ತದೆ: ಬಿರುಕಾಗಿ ಅಥವಾ ತೂತಾಗಿ. ಬಿರುಕೂ ಬರಿದೇ, ಆದರೆ ಅದು ಏನನ್ನೂ ಹಿಡಿಯಲಾರದು, ಇಡೀ ತುಂಡನ್ನು ಸೀಳುತ್ತದೆ. ತೂತಿಗೆ ಬಡಗಿ ಮೂಲೆಮಟ್ಟ ಇಟ್ಟು ಎರಡೂ ಮಗ್ಗುಲಲ್ಲಿ ಗೆರೆ ಹಾಕುತ್ತಾನೆ. ಬೈರಿಗೆಯಿಂದ ಒಳಮರವನ್ನು ಸಡಿಲಿಸಿ, ಉಳಿ ಕೊಡತಿ ಹಿಡಿದು ನಡುವಿನಿಂದ ಗೆರೆಯ ಕಡೆಗೆ ಸಾಗುತ್ತಾನೆ. ಗೆರೆಯ ಮೇಲಿನ ಕೊನೆಯ ಎಳೆಯನ್ನು ಕಡೆಗೆ ತೆಗೆಯುತ್ತಾನೆ. ಆರುಪಾರು ತೂತಾದರೆ ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸುತ್ತಾನೆ, ಇಲ್ಲವಾದರೆ ಆಚೆಯ ಅಂಚು ಕಿತ್ತು ಬರುತ್ತದೆ. ಗೋಡೆ ಒಳಗೆ ಹೊಟ್ಟೆ ಉಬ್ಬಿದ್ದರೆ ಅಥವಾ ಓರೆಯಾಗಿದ್ದರೆ ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಆದರೆ ಒಳಗೆ ಮರಕ್ಕೆ ಮರ ತಾಗಿರುವುದು ಎಲ್ಲೋ ಒಂದೆರಡು ಕಡೆ ಮಾತ್ರ. ಭಾರವೆಲ್ಲ ಅಲ್ಲೇ ಬಿದ್ದು, ಅಷ್ಟು ನಾರು ಜಜ್ಜಿ, ಅರ ಸಡಿಲವಾಗುತ್ತದೆ. ಬಯಲಿಗೆ ಬೆಲೆ ಬರುವುದು ಅದರ ಗೋಡೆ ನೆಟ್ಟಗಿದ್ದಾಗ. ‘ಖ’ ಎಲ್ಲೆಲ್ಲೂ ಸಿಗುತ್ತದೆ. ‘ಸು’ ಎಂಬುದು ಬಡಗಿಯ ದುಡಿಮೆ.

ಇದಕ್ಕೆ ಬೌದ್ಧರ ಆಕ್ಷೇಪ ಗಟ್ಟಿಯಾದದ್ದು. ಐದನೆಯ ಶತಮಾನದ ಬುದ್ಧಘೋಷ ತನ್ನ ವಿಶುದ್ಧಿಮಗ್ಗದಲ್ಲಿ ದುಃಖ ಪದವನ್ನು ಇದೇ ರೀತಿ ಒಡೆಯುತ್ತಾನೆ: ‘ದು’ ಎಂದರೆ ಹೇಯ, ‘ಖ’ ಎಂದರೆ ಹುರುಳಿಲ್ಲದ ಟೊಳ್ಳು. ಎಷ್ಟು ಚೆನ್ನಾಗಿ ಕೊರೆದರೂ ತೂತು ಸವೆಯುತ್ತದೆ, ಮರ ಒಣಗಿ ಕುಗ್ಗುತ್ತದೆ, ಚಕ್ರ ಕಿರುಗುಡುತ್ತದೆ; ಇಂಥದ್ದನ್ನು ಸುಖ ಎನ್ನುವುದು ಭ್ರಮೆಯಲ್ಲವೆ? ಸವೆಯುತ್ತದೆ ಎಂಬುದನ್ನು ಗಾಡಿಯವನು ಬುದ್ಧಘೋಷನಷ್ಟೇ ಬಲ್ಲ. ಅದಕ್ಕೇ ಅಚ್ಚಿಗೆ ಕೀಲೆಣ್ಣೆ ಹಾಕುತ್ತಾನೆ, ಸಂದಿಗೆ ಬೆಣೆ ಬಡಿಯುತ್ತಾನೆ. ಅನಿತ್ಯವಾದದ್ದೆಲ್ಲ ಸುಳ್ಳು ಎಂದು ಅವನು ತೀರ್ಮಾನಿಸುವುದಿಲ್ಲ, ಅನಿತ್ಯವಾದದ್ದನ್ನು ನೋಡಿಕೊಳ್ಳಬೇಕು ಎಂದು ತೀರ್ಮಾನಿಸುತ್ತಾನೆ. ಬುದ್ಧಘೋಷನ ಎಚ್ಚರಿಕೆ ಸುಖವನ್ನು ಅಲ್ಲಗಳೆಯುವುದಿಲ್ಲ. ಒಮ್ಮೆ ಕೊರೆದರೆ ಮುಗಿಯಿತು ಎಂಬ ಸೋಮಾರಿತನವನ್ನು ಅಲ್ಲಗಳೆಯುತ್ತದೆ.

ಇನ್ನೂ ಕಠಿಣವಾದ ಆಕ್ಷೇಪ ನಮ್ಮ ಸಮಾಜದ ಒಳಗಿನದು. ಸುಖ ಎಂದರೆ ಸರಿಯಾಗಿ ಕೂರುವುದು ಎಂದರೆ, ಒಬ್ಬೊಬ್ಬರಿಗೂ ಹುಟ್ಟಿನಿಂದಲೇ ತೂತು ಕೊರೆದಿಟ್ಟು ಅಲ್ಲೇ ಕೂತಿರು ಎಂದವರ ಮಾತಿಗೆ ಇದು ಬೆಣೆ ಬಡಿದಂತಾಗುವುದಿಲ್ಲವೆ? ಮದುವೆಯಾಗಿ ಹೊರಟ ಮಗಳಿಗೆ ‘ಹೊಂದಿಕೊಂಡು ಹೋಗಮ್ಮ’ ಎನ್ನುವ ಬುದ್ಧಿಮಾತೂ ಇದೇ ಅಲ್ಲವೆ? ಬಡಗಿಯ ಕ್ರಮದಲ್ಲೂ ಮೊದಲು ತೂತು, ಆಮೇಲೆ ಅದಕ್ಕೆ ಸರಿಯಾಗಿ ಅರದ ತುದಿಯನ್ನು ಕೆತ್ತುವುದು. ಕೆತ್ತಿಸಿಕೊಳ್ಳುವುದು ಬರುವವಳ ಪಾಲು ಎಂದು ಹೇಳಲು ಸುಲಭ. ಆದರೆ ಆ ಕ್ರಮವನ್ನೇ ಇನ್ನೊಮ್ಮೆ ನೋಡಿ. ಅರದ ಮೇಲೆ ಉಳಿ ಬೀಳುವ ಮೊದಲೇ ಗುಂಬ ತನ್ನ ಒಡಲನ್ನು ಕೊರೆಸಿಕೊಂಡಿದೆ. ಬರಮಾಡಿಕೊಳ್ಳುವ ಮರವೇ ಮೊದಲು ತೆರಬೇಕು, ಹೆಚ್ಚು ತೆರಬೇಕು. ತೂತೇ ಇಲ್ಲದ ಗುಂಬಕ್ಕೆ ಅರವನ್ನು ಬಡಿದರೆ ಒಡೆಯುವುದು ಅರ, ಮತ್ತು ತಪ್ಪು ಅರದ್ದಲ್ಲ. ಜಾತಿ ಕೊಟ್ಟ ತೂತಿನ ಕಥೆಯೂ ಅಷ್ಟೆ: ಅದು ಕೂರುವವನ ಅಳತೆ ತೆಗೆಯದೆ ಕೊರೆದದ್ದು, ಅಂದರೆ ಬಡಗಿಯ ಕೆಲಸವೇ ಅಲ್ಲ. ಹನ್ನೆರಡನೆಯ ಶತಮಾನದ ಬಾಚಿಕಾಯಕದ ಬಸವಯ್ಯ ಬಾಚಿ ಹಿಡಿದ ಕೈಯಲ್ಲೇ ವಚನ ಕಟ್ಟಿದ. ಶಾಸ್ತ್ರದ ಮಾತು ನಿನ್ನದಲ್ಲ ಎಂದ ಅಳತೆಗೆ ಅವನು ಹೊಂದಿಕೊಳ್ಳಲಿಲ್ಲ.

ಇಂದು ರೌಟರ್ ಯಂತ್ರ ಕ್ಷಣದಲ್ಲಿ ನೆಟ್ಟನೆಯ ಗೋಡೆ ಕೊರೆಯುತ್ತದೆ, ಕೈಕೆಲಸದ ತಪಸ್ಸು ಹೋಯಿತು ಎಂದು ಕೊರಗುವವರಿದ್ದಾರೆ. ಆ ಕೊರಗು ಇಲ್ಲಿ ಅಗತ್ಯವಿಲ್ಲ. ತೂತಿನ ಒಳ್ಳೆಯತನ ಇರುವುದು ಅದು ಹಿಡಿದುಕೊಳ್ಳುವುದರಲ್ಲಿ, ಕೊರೆದವನ ಬೆವರಿನಲ್ಲಲ್ಲ. ಯಂತ್ರಕ್ಕೂ ಗೆರೆಯನ್ನು ಯಾರೋ ಹಾಕಲೇಬೇಕು. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನವನ್ನು ಅದು ಮಾಡಿಕೊಡುವುದಿಲ್ಲ. ಧರ್ಮದ ಪ್ರಶ್ನೆ ಇರುವುದು ಆ ಗೆರೆಯಲ್ಲಿ. ಹಾಗಾಗಿ ಮದುವೆಯ ಚಪ್ಪರದಲ್ಲಿ ಸುಖವಾಗಿ ಬಾಳಿ ಎಂದು ಅಕ್ಷತೆ ಹಾಕುವ ಹಿರಿಯರಲ್ಲಿ ಒಂದು ಕೋರಿಕೆ: ಕಾಳು ಎರಚುವ ಮೊದಲು, ಆ ಹುಡುಗಿಗಾಗಿ ಮನೆಯಲ್ಲಿ ಜಾಗ ಕೊರೆದಾಗಿದೆಯೆ ಎಂದು ಒಮ್ಮೆ ನೋಡಿ ಬನ್ನಿ.