ಭಾರ ಯಾರ ಹೆಗಲಿಗೆ?

ಲೆನ್ಸು ಕೊಳ್ಳುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಚಿತ್ರ ಎಷ್ಟು ಶಾರ್ಪ್ ಆಗಿ ಬರುತ್ತದೆ ಎಂದು ವಿಚಾರಿಸುತ್ತಾರೆ. ತೂಕ, ಗಾತ್ರಗಳ ಸರದಿ ಬರುವುದು ಕೊನೆಗೆ. ಬಂದರೂ ಅದು ಕತ್ತುನೋವಿನ, ಬ್ಯಾಗಿನಲ್ಲಿ ಹಿಡಿಸುವ ಜಾಗದ ಮಾತಾಗಿ ಮುಗಿದುಹೋಗುತ್ತದೆ. ಈ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ತೂಕವನ್ನು ಹೊರುವವರು ಚಿತ್ರ ತೆಗೆಯುವವರು. ಗಾತ್ರವನ್ನು ಎದುರಿಸುವವರು ಚಿತ್ರಕ್ಕೆ ಸಿಕ್ಕವರು. ಒಂದು ನಮ್ಮ ಅನುಕೂಲದ ಪ್ರಶ್ನೆಯಂತೆ ಕಂಡರೆ, ಇನ್ನೊಂದು ನೀತಿಯ ಪ್ರಶ್ನೆ.

ಲೆಕ್ಕವೇನೋ ಸರಳ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ಅಗಲ ಸಿಗುತ್ತದೆ. 50 ಮಿ.ಮೀ., ಎಫ್ 1.8 ಲೆನ್ಸಿಗೆ ಸುಮಾರು 28 ಮಿ.ಮೀ. ಸಾಕು, ಎಫ್ 1.2 ಆದರೆ ಹೆಚ್ಚುಕಡಿಮೆ 42 ಮಿ.ಮೀ. ಬೇಕು. ಕಿಂಡಿ ಹಿಗ್ಗಿದಂತೆ ಗಾಜೂ ಹಿಗ್ಗುತ್ತದೆ. ಚಿತ್ರದ ಅಂಚು ಕೆಡದಂತೆ ತಿದ್ದಲು ಇನ್ನಷ್ಟು ಗಾಜು ಸೇರುತ್ತದೆ. ಕ್ಯಾನನ್ನಿನ ಆರ್‌ಎಫ್ ಸರಣಿಯಲ್ಲಿ ಮೊದಲನೆಯದು 160 ಗ್ರಾಂ, ಎರಡನೆಯದು 950 ಗ್ರಾಂ. ಬೆಳಕು ಎರಡು ಪಟ್ಟಿಗಿಂತ ತುಸು ಹೆಚ್ಚು, ತೂಕ ಸುಮಾರು ಆರು ಪಟ್ಟು.

ಹಗುರಾಗಬೇಕೆಂಬ ಆಸೆ ಹಳೆಯದು. ಜರ್ಮನಿಯ ಆಸ್ಕರ್ ಬಾರ್ನಾಕ್ ಅವರಿಗೆ ಆಸ್ತಮಾ ಇತ್ತು. ಗಾಜಿನ ಫಲಕಗಳ ಭಾರದ ಕ್ಯಾಮೆರಾ ಹೊತ್ತು ನಡೆಯುವುದು ಕಷ್ಟವಾಗುತ್ತಿತ್ತು. ಅವರು ಸಿನಿಮಾ ಫಿಲ್ಮು ಬಳಸುವ ಪುಟ್ಟ ಕ್ಯಾಮೆರಾ ರೂಪಿಸಿದರು. 1925ರಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಒಬ್ಬರ ಉಸಿರಾಟದ ಕಷ್ಟದಿಂದ ಹುಟ್ಟಿದ ಹಗುರತನ ಎಷ್ಟೋ ಜನರನ್ನು ಕ್ಯಾಮೆರಾ ಸಮೇತ ಬೀದಿಗೆ ಇಳಿಸಿತು.

ಬೀದಿಗೆ ಇಳಿದ ಮೇಲೆ ಗಾತ್ರದ ಪ್ರಶ್ನೆ ಏಳುತ್ತದೆ. ಸಂತೆಯಲ್ಲಿ ದೊಡ್ಡ ಲೆನ್ಸು ಎತ್ತಿದರೆ ಸೊಪ್ಪು ಮಾರುವಾಕೆ ಸೆರಗು ಸರಿಮಾಡಿಕೊಳ್ಳುತ್ತಾಳೆ. ಪಕ್ಕದವರು ‘ಯಾವ ಪೇಪರ್‌ನೋರು?’ ಎನ್ನುತ್ತಾರೆ. ಸಣ್ಣ ಲೆನ್ಸಿಗೆ ಈ ಗದ್ದಲವಿಲ್ಲ. ಅದಕ್ಕೇ ಸಣ್ಣದು ಸೌಮ್ಯ, ದೊಡ್ಡದು ದರ್ಪ ಎಂದು ನಂಬುವುದು ಸುಲಭ. ಆ ನಂಬಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ, ಕೋಟಿನೊಳಗೆ ಪುಟ್ಟ ಕ್ಯಾಮೆರಾ ಅಡಗಿಸಿಕೊಂಡು ಎದುರು ಕೂತವರ ಚಿತ್ರ ತೆಗೆದರು. ತಮ್ಮಷ್ಟಕ್ಕೆ ತಾವಿದ್ದ ಮುಖಗಳು ಅವು. ಚಿತ್ರಗಳು ಅಪೂರ್ವವಾಗಿವೆ, ಆದರೆ ಪ್ರಯಾಣಿಕರ ಒಪ್ಪಿಗೆ ಕೇಳಿರಲಿಲ್ಲ. ಅವು ಪುಸ್ತಕವಾಗಿ ಹೊರಬಂದದ್ದು 1966ರಲ್ಲಿ. ಕ್ಯಾಮೆರಾ ಸಣ್ಣದಾಗಿದ್ದರಿಂದಲೇ ಕೇಳದೆ ತೆಗೆಯುವುದು ಸಾಧ್ಯವಾಯಿತು. ದೊಡ್ಡ ಲೆನ್ಸಾದರೋ ಬೆಕ್ಕಿನ ಕೊರಳಿಗೆ ಕಟ್ಟಿದ ಗಂಟೆಯಂತೆ: ಮುಖ ತಿರುಗಿಸಲು, ‘ಬೇಡ’ ಎನ್ನಲು ಎದುರಿನವರಿಗೆ ಒಂದು ಕ್ಷಣವನ್ನಾದರೂ ಕೊಡುತ್ತದೆ.

ಹಾಗೆಂದು ದೊಡ್ಡದೇ ಪ್ರಾಮಾಣಿಕ ಎನ್ನುವಂತೆಯೂ ಇಲ್ಲ. ಗೂಡಿನಲ್ಲಿ ಕಾವು ಕೂತ ಹಕ್ಕಿಯನ್ನು ನೆನೆಯಿರಿ. ಪುಟ್ಟ ಲೆನ್ಸಿನವರು ಹತ್ತಿರ ಹೋಗಲೇಬೇಕು. ಹಕ್ಕಿ ಗಾಬರಿಯಿಂದ ಎದ್ದು ಹಾರಿದರೆ ಮೊಟ್ಟೆಗಳು ಬಿಸಿಲಿನ ಪಾಲು, ಇಲ್ಲವೇ ಕಾಗೆಯ ಪಾಲು. ಅಲ್ಲಿ 600 ಮಿ.ಮೀ.ನ ಮೂರು ಕಿಲೋ ಲೆನ್ಸು ಹೊತ್ತು ದೂರದಲ್ಲೇ ನಿಲ್ಲುವುದು ಸೌಜನ್ಯ. ಅದೇ ಲೆನ್ಸನ್ನು ರಸ್ತೆಯ ಆಚೆ, ಹೆಣದ ಮುಂದೆ ಅಳುತ್ತಿರುವವರ ಕಡೆ ತಿರುಗಿಸಿದರೆ? ಅಷ್ಟು ದೂರಕ್ಕೆ ಗಂಟೆಯ ಸದ್ದು ಕೇಳಿಸುವುದಿಲ್ಲ. ಹಕ್ಕಿಯ ಒಪ್ಪಿಗೆ ಕೇಳಲು ಬರುವುದಿಲ್ಲ, ಆದ್ದರಿಂದ ದೂರವೇ ಮರ್ಯಾದೆ. ಮನುಷ್ಯರನ್ನು ಕೇಳಬಹುದು, ಅಲ್ಲಿ ದೂರ ಎಷ್ಟೋ ಸಲ ಕೇಳುವುದರಿಂದ ತಪ್ಪಿಸಿಕೊಳ್ಳುವ ದಾರಿ.

ಹೀಗಾಗಿ ‘ಇಷ್ಟು ಭಾರ ಹೊರಬಲ್ಲೆನೇ?’ ಎಂಬ ಪ್ರಶ್ನೆ ಅರ್ಧ ಮಾತ್ರ. ನಾನು ಹೊರದೆ ಬಿಟ್ಟ ಭಾರ ಯಾರ ಮೇಲೆ ಬೀಳುತ್ತದೆ ಎಂಬುದು ಉಳಿದರ್ಧ. ಹಗುರ ಲೆನ್ಸು ಹಿಡಿದು ಗೂಡಿನ ಬಳಿ ಹೋದರೆ ಅದು ಹಕ್ಕಿಯ ಮೇಲೆ ಬೀಳುತ್ತದೆ. ಸದ್ದಿಲ್ಲದೆ ಕ್ಲಿಕ್ಕಿಸಿದರೆ ಎದುರು ಕೂತ ಅಪರಿಚಿತರ ಮೇಲೆ.

ಕ್ಷೇತ್ರಕಾರ್ಯಕ್ಕೆ ಹೋಗುವ ನನ್ನಂಥವರಿಗೆ 160 ಗ್ರಾಮಿನ ಲೆನ್ಸೇ ಸರಿ ಎನ್ನಿಸುತ್ತದೆ. ಅದು ಮಾತಾಡುವಷ್ಟು ಹತ್ತಿರಕ್ಕೆ ಕರೆದೊಯ್ಯುತ್ತದೆ. ಆದರೆ ಮಾತಾಡುವ ಕೆಲಸವನ್ನು ಲೆನ್ಸು ಮಾಡಿಕೊಡುವುದಿಲ್ಲ. ಉಳಿಸಿಕೊಂಡ 790 ಗ್ರಾಮಿನ ಬದಲಿಗೆ ‘ಒಂದು ಫೋಟೋ ತೆಗೀಲಾ, ಅಮ್ಮಾ?’ ಎಂದು ಕೇಳುವ ಸಂಕೋಚವನ್ನು ಹೊರಬೇಕಾಗುತ್ತದೆ. ಆಕೆ ಬೇಡವೆಂದರೆ, ಸಿಗದೇ ಹೋದ ಆ ಚಿತ್ರವನ್ನೂ.