ಜಸ್ಟ್, ಅಷ್ಟೆ

ಇಂಗ್ಲಿಷಿನಿಂದ ನಾವು ಕಡ ತಂದ ಮಾತುಗಳಲ್ಲಿ 'ಜಸ್ಟ್' ಎಂಬುದರಷ್ಟು ಸುಲಭವಾಗಿ ನಾಲಗೆಗೆ ಒಗ್ಗಿದ್ದು ಇನ್ನೊಂದಿರಲಾರದು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಕಿವಿಗೊಟ್ಟರೆ ಸಾಕು: ಒಬ್ಬರು 'ಜಸ್ಟ್ ಹೊರಟೆ' ಎನ್ನುತ್ತಾರೆ, ಇನ್ನೊಬ್ಬರು 'ಜಸ್ಟ್ ಐದೇ ನಿಮಿಷ' ಎನ್ನುತ್ತಾರೆ. (ಐದು ನಿಮಿಷವೆಂದವರು ಅರ್ಧ ಗಂಟೆಗೆ ಬಂದರೆ ನಮ್ಮ ಕಡೆಯ ಲೆಕ್ಕಕ್ಕೆ ಅದು ಬೇಗವೇ.)

ಮಾತಿನ ಮೂಲ ಲ್ಯಾಟಿನ್. ನ್ಯಾಯವಾದ, ಧರ್ಮಕ್ಕೆ ಒಪ್ಪುವ ಎಂದು ಅರ್ಥ. ಇಂಗ್ಲಿಷಿನಲ್ಲಿ ವಿಶೇಷಣವಾಗಿ ಈಗಲೂ ಅದು ನ್ಯಾಯವನ್ನೇ ಹೇಳುತ್ತದೆ. ಕ್ರಿಯಾವಿಶೇಷಣವಾದಾಗ ಮೊದಲು 'ಕರಾರುವಾಕ್ಕಾಗಿ' ಎಂದಾಯಿತು, ಆಮೇಲೆ ಜಾರಿ 'ಬರೀ' ಎಂದಾಯಿತು. ದಾವಣಗೆರೆ ಹತ್ತಿಯ ವ್ಯಾಪಾರದಲ್ಲಿ ಹೆಸರು ಮಾಡಿದ ಊರು. ತಕ್ಕಡಿಯ ಮುಳ್ಳು ನಡುವೆ ನಿಲ್ಲುವುದೆಂದರೇನೆಂದು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂಬುದೇ ನ್ಯಾಯ. ಹೆಚ್ಚಿಲ್ಲ ಎಂಬ ಅರ್ಧವನ್ನಷ್ಟೇ ಹಿಡಿದು ಇನ್ನರ್ಧವನ್ನು ಕೈಬಿಟ್ಟರೆ 'ಬರೀ' ಹುಟ್ಟುತ್ತದೆ. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರದ ಗುಡಿಯಲ್ಲಿ ಮೂರ್ತಿಯ ಒಂದು ಪಕ್ಕ ಹರ, ಇನ್ನೊಂದು ಪಕ್ಕ ಹರಿ. ಒಂದು ಪಕ್ಕವನ್ನಷ್ಟೇ ಕಂಡು ಬಂದು ವರ್ಣಿಸಿದವನು ಸುಳ್ಳು ಹೇಳಿದಂತಾಗದು; ದೇವರನ್ನು ನೋಡಿದಂತೆಯೂ ಆಗದು.

ಈಚೆಗೆ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ನಾನು ನಿಂತಿದ್ದಾಗ ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಐನೂರು ರೂಪಾಯಿ ಕಡಿಮೆ ಬಂತು. ಸಾಹುಕಾರರು ಗಿರಾಕಿಗಳ ಎದುರಿಗೇ ಕೆಲಸದ ಹುಡುಗನನ್ನು ಕರೆದು, "ನೀನೇನಾರ ತಗಂಡಿಯೇನೋ?" ಎಂದರು. ಹಣ ರಶೀದಿ ಪುಸ್ತಕದೊಳಗೆ ಸಿಕ್ಕಿತು. "ಯಾಕೋ ತಮ್ಮ, ಮುಖ ಸಣ್ಣ ಮಾಡ್ಕಂಡಿ? ಜಸ್ಟ್ ಕೇಳಿದ್ನಪ್ಪ, ಅಷ್ಟೆ" ಎಂದು ನಕ್ಕರು.

ಒಂದೇ ವಾಕ್ಯಕ್ಕೆ ಮುಂದೆ ಇಂಗ್ಲಿಷಿನ ರಿಯಾಯಿತಿ, ಹಿಂದೆ ಕನ್ನಡದ್ದು! ಅವರು ಸುಳ್ಳಾಡಿದರೆಂದು ನಾನು ಹೇಳಲಾರೆ. ಅವರ ಮಟ್ಟಿಗೆ ಅದು ಕೇಳಿದ್ದೇ. ಆದರೆ ಹತ್ತಿಯನ್ನು ತೂಗುವಾಗ ಮಾರುವವನೂ ಕೊಳ್ಳುವವನೂ ಇಬ್ಬರೂ ಮುಳ್ಳನ್ನು ನೋಡುತ್ತಾರೆ. ನೋವಿನ ವಿಷಯದಲ್ಲಿ ಮಾತ್ರ ಕೊಟ್ಟವನೊಬ್ಬನೇ ನೋಡಿ ತೂಕ ಹೇಳಿಬಿಡುತ್ತಾನೆ. ನೊಂದವನ ತೂಕವೇ ಯಾವಾಗಲೂ ಸರಿಯೆಂದಲ್ಲ. ಅವನ ಕೈಯೂ ತಟ್ಟೆಯನ್ನು ಒತ್ತಬಹುದು. ಆದರೂ 'ಅಷ್ಟೆ' ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೆ. "ಇರಲಿ ಬಿಡ್ರಿ ಸಾಹುಕಾರ್ರೆ, ಕೇಳಿದ್ರಿ ಅಷ್ಟೆ" ಎಂದು ಹುಡುಗನೇ ಅಂದಿದ್ದರೆ ಅದೇ ಮಾತು ಔದಾರ್ಯವಾಗುತ್ತಿತ್ತು.

ಅವನೇನೂ ಅನ್ನಲಿಲ್ಲ. ನಮಗಾಗಿ ಬಿಚ್ಚಿ ಹರಡಿದ್ದ ಸೀರೆಗಳನ್ನು ಒಂದೊಂದಾಗಿ ಮಡಿಸುತ್ತಿದ್ದ.